ಕಂಬಳಿ ಹೊದ್ದ ಕಲ್ಲು

ಚಿಪುರಿರೊ
24 ಆಗಸ್ಟ್ 2009, ಸೋಮವಾರ

ಚೆನಾಯಿಯ ಅಪ್ಪನಿಗೆ,

ಜೋಹಾನ್ಸ್‌ಬರ್ಗ್ ಬಸ್ಸಿನ ಡ್ರೈವರ್ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ, ಆಮೇಲೆ ನಾನೂ ಸುಮ್ಮನಿರುವವಳಲ್ಲ. ಕಾಗದದ ಜೊತೆ ಜಗಳ ಆಡಲು ಆಗುವುದಿಲ್ಲ. ಕೂತು ಪೂರ್ತಿ ಓದಿ.

ಶನಿವಾರ ಗಂಡಿನ ಕಡೆಯವರು ಬಂದರು, ಮಾತುಕತೆ ಮುಗಿಯಿತು, ನಿಮ್ಮ ಮಗಳ ಮದುವೆ ಗಟ್ಟಿಯಾಯಿತು. ಇನ್ನೊಂದು ಸುದ್ದಿ: ನಾನು ಕೆತ್ತಿದ ಕಲ್ಲುಗಳು ಅಂಗಳದಲ್ಲೇ ಇವೆ. ಒಂದಲ್ಲ ಎರಡಲ್ಲ, ಹದಿನೇಳೂ! ಇಡಿಸಿದವಳು ಯಾರು ಗೊತ್ತೇ? ನಿಮ್ಮಕ್ಕ ಯೂಫೆಮಿಯಾ. ನಗಬೇಡಿ, ನಿಜವಾಗಿಯೂ.

ನಾಲ್ಕು ವರ್ಷದ ಹಿಂದೆ, ಇದು ಮನೆಯೋ ಕಲ್ಲಿನ ಗಣಿಯೋ, ಇವಿರಬೇಕು ಇಲ್ಲ ನಾನಿರಬೇಕು ಎಂದು ಕೂಗಾಡಿ ಹೋದವರು ನೀವು. ಮಗಳ ಸಂಬಂಧದ ಮಾತಿಗೂ ಬರಲಿಲ್ಲ. ಆದರೆ ಅಕ್ಕನ ಬಾಯಲ್ಲಿ ಅಪ್ಪಣೆ ಕಳಿಸಲು ಮಾತ್ರ ಮರೆಯಲಿಲ್ಲ. ಬೀಗರ ಕಣ್ಣಿಗೆ ಒಂದು ಕಲ್ಲೂ ಬೀಳಬಾರದು, ಮದುವೆ ಮುಗಿದ ಮೇಲೆ ಎಲ್ಲವನ್ನೂ ಲಾರಿಗೆ ತುಂಬಿ ಸಾಗಿಸಬೇಕು, ಅಲ್ಲವೇ? ನಿಮ್ಮಕ್ಕ ಅದಕ್ಕೆ ತನ್ನದೂ ಸೇರಿಸಿದಳು. “ಈ ದೆವ್ವದ ಮೂತಿಗಳನ್ನ ನೋಡಿದ್ರೆ ಯಾವ ಬೀಗ ಒಳಗೆ ಕಾಲಿಡ್ತಾನೆ? ನಾಳೆ ಹುಡುಗಿ ಮದುವೆ ಇಲ್ದೆ ಮನೇಲೇ ಕೂತ್ರೆ ನಿನ್ನ ಕಲ್ಲು ಬಂದು ಸಾಕುತ್ತಾ?” ಎಂದಳು.

ಮಗಳ ಮುಖ ನೋಡಿ ಒಪ್ಪಿದೆ. ಸುಳ್ಳೇಕೆ ಹೇಳಲಿ, ಆವತ್ತು ಆಡಿನ ಕೊಟ್ಟಿಗೆ ಹಿಂದೆ ಹೋಗಿ ಅತ್ತುಬಿಟ್ಟೆ. ಹನ್ನೊಂದು ವರ್ಷದ ಕೆಲಸ ಅದು. ಬಾವಿಕಟ್ಟೆಯ ಮೇಲಿನ ಕಪ್ಪೆಯಿಂದ ಹಿಡಿದು ಬಾಗಿಲ ಪಕ್ಕದ ಹದ್ದಿನವರೆಗೆ ಒಂದೊಂದಕ್ಕೂ ಈ ಮನೆಯಲ್ಲಿ ಒಂದೊಂದು ಜಾಗ ಹುಡುಕಿದ್ದೆ. ಶುಕ್ರವಾರ ನಾಲ್ವರು ಗಂಡಸರು ಹದಿನಾರನ್ನು ಕೊಟ್ಟಿಗೆಯ ಹಿಂದಕ್ಕೆ ಹೊತ್ತು ಹಾಕಿದರು.

ಹದಿನೇಳನೆಯದು ಅಡುಗೆಮನೆ ಬಾಗಿಲಲ್ಲಿತ್ತು, ಗೋಣಿ ಸುತ್ತಿಕೊಂಡು. ಆ ವಾರವಷ್ಟೇ ಅದನ್ನು ಬೆಂಕಿಗೆ ಕಾಯಿಸಿ ಮೇಣ ತಿಕ್ಕಿ ಮುಗಿಸಿದ್ದೆ, ಇನ್ನೂ ಯಾರೂ ನೋಡಿರಲಿಲ್ಲ. ಕಾಲು ಮಡಚಿ ಕೂತ ಹೆಂಗಸಿನಷ್ಟು ದೊಡ್ಡದು. ನಾಲ್ವರು ಒಟ್ಟಿಗೆ ನೂಕಿದರೂ ಮಿಸುಕಲಿಲ್ಲ. ನಿಮ್ಮಕ್ಕ ದೂರದಿಂದಲೇ, “ಸಾಯ್ಲಿ, ಏನಾದ್ರೂ ಹೊದಿಸಿ ಮುಚ್ಚು” ಎಂದು ಕೈ ಬೀಸಿ ಒಳಗೆ ಹೋದಳು.

ಹೊದಿಸಿದೆ. ಗೋಣಿ ಬಿಚ್ಚಿ, ಅತ್ತೆಯವರ ಹಳೆ ಕಂಬಳಿ ತಂದು ತಲೆಯ ಮೇಲಿಂದ ಮುಖ ಮುಚ್ಚುವ ಹಾಗೆ ಎಳೆದೆ. ಅದರ ಮೇಲೊಂದು ತಲೆವಸ್ತ್ರ ಕಟ್ಟಿದೆ. ಚಳಿಗಾಲದ ಬೆಳಿಗ್ಗೆ ಮುದುಕಿಯರು ಹೇಗೆ ಮುದುಡಿ ಕೂರುತ್ತಾರೋ ಹಾಗೇ ಆಯಿತು. ಬೇಕೆಂದೇ ಹಾಗೆ ಹೊದಿಸಿದೆಯಾ ಎಂದು ಕೇಳಬೇಡಿ. ನಾನು ಹೇಳುವುದಿಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬೀಗರು ಬಂದರು. ಗಂಡಿನ ಕಡೆಯಿಂದ ಮಾತಾಡಲು ಮುನ್ಯಾಯಿಯಾಗಿ ಬಂದವರು ಗ್ವಾತಿಜೊ ಎಂಬ ಮೇಷ್ಟ್ರು, ಬೋಳುತಲೆ, ಒಳ್ಳೆಯ ಕೋಟು. ಕನ್ನಡಕವನ್ನು ಬಸ್ಸಿನಲ್ಲೇ ಬಿಟ್ಟಿದ್ದರಂತೆ. ನಮ್ಮ ಹೆಂಗಸರು ಗೇಟಿನಲ್ಲೇ ಹಿಡಿದು, “ಏನ್ರೀ, ಕೋಟು ನಿಮ್ಮದೇನಾ, ಬಾಡಿಗೆದಾ?” ಎಂದು ರೇಗಿಸಿದರು. ಪಾಪ, ಮುನ್ಯಾಯಿ ತಿರುಗಿ ಮಾತಾಡುವಂತಿಲ್ಲವಲ್ಲ. ತಲೆ ತಗ್ಗಿಸಿ ಒಳಗೆ ಬಂದವರಿಗೆ ಕಂಡದ್ದು ಅಡುಗೆಮನೆ ಬಾಗಿಲಲ್ಲಿ ಕಂಬಳಿ ಹೊದ್ದು ಕೂತ ಮನೆಯ ಹಿರಿಯಳು. ತಕ್ಷಣ ಕುಕ್ಕರಗಾಲಲ್ಲಿ ಕೂತು, ನಮಸ್ಕಾರಕ್ಕೆಂದು ಅಂಗೈ ಜೋಡಿಸಿ ಕೈ ತಟ್ಟಿದರು. ಹಿಂದಿದ್ದ ಮೂವರೂ ಕೂತು ತಟ್ಟಿದರು.

“ಅಜ್ಜಿ, ಚೆನ್ನಾಗಿದ್ದೀರಾ?”

ಅಜ್ಜಿ ಏನು ಹೇಳಿಯಾಳು!

ಮತ್ತೆ ತಟ್ಟಿದರು. “ತಡ ಆಯ್ತು ಅಜ್ಜಿ, ತಪ್ಪಾಯ್ತು. ಬಸ್ಸು ಕೆಟ್ಟು ನಿಂತಿತ್ತು.” ಮುನ್ಯಾಯಿಯ ಬೋಳುತಲೆ ಬೆವರತೊಡಗಿತು. ಕಲ್ಲು ಕಣ್ರೀ ಅದು ಎಂದರೆ ಬಂದ ಬೀಗರಿಗೆ ಅವಮಾನ, ಸುಮ್ಮನಿದ್ದರೆ ಇನ್ನೂ ದೊಡ್ಡ ಅವಮಾನ. ಒಳಗೆ ಮುಸುಕು ಹಾಕಿ ಕೂರಿಸಿದ್ದ ಚೆನಾಯಿ ಆ ಮುಸುಕಿನ ತುದಿಯನ್ನೇ ಬಾಯಿಗೆ ತುರುಕಿಕೊಂಡಿದ್ದಳು, ನಗುವೋ ಅಳುವೋ ದೇವರಿಗೇ ಗೊತ್ತು. ಮುನ್ಯಾಯಿ ಒಂಬತ್ತನೇ ಸಲ ತಟ್ಟಿ, “ಅಜ್ಜಿ ಮಾತಾಡೋವರೆಗೂ ನಾನು ಏಳಲ್ಲ. ಮಾತಾಡ್ಲೇಬಾರದು ಅಂತಿದ್ರೆ ಹೇಳ್ಬಿಡಿ, ವಾಪಸ್ ಹೋಗ್ತೀವಿ” ಎಂದರು. ನನ್ನ ಹಟದಿಂದ ಮಗಳ ಬಾಳು ಮುರಿಯಿತು ಅಂದುಕೊಂಡೆ.

ಯಾರಿಗೆ ಇಷ್ಟೊತ್ತು ನಮಸ್ಕಾರ ಎಂದು ಗೊಣಗುತ್ತಾ ಯೂಫೆಮಿಯಾ ಹೊರಗೆ ಬಂದಳು. ನೋಡಿದಳು, ಮುಖದ ಬಣ್ಣ ಇಳಿದುಹೋಯಿತು. ನಾನು ಇನ್ನೇನೂ ಯೋಚಿಸಲಿಲ್ಲ, ಹೋಗಿ ಕಂಬಳಿ ಎಳೆದುಬಿಟ್ಟೆ.

ಬಿಸಿಲು ನೇರ ಮುಖಕ್ಕೆ ಬಿತ್ತು. ಎಣ್ಣೆ ಹಚ್ಚಿದ ಹಾಗೆ ಕಪ್ಪಗೆ ಹೊಳೆಯುವ ಮುಖ. ಎಡಹುಬ್ಬಿನ ಮೇಲೆ ಗಾಯದ ಗುರುತು, ನಶ್ಯ ಒತ್ತಿ ಒತ್ತಿ ಸ್ವಲ್ಪ ಉಬ್ಬಿದ ಮೇಲ್ದುಟಿ, ಯಾರಿಗೋ ಬೈಯಲು ಹೊರಟು ನಗು ಬಂದುಬಿಟ್ಟಂಥ ಬಾಯಿ. ಹೌದು, ನಿಮ್ಮಮ್ಮ. ಕ್ಯಾಮೆರಾ ಕಂಡರೆ ಕೋಲು ಎತ್ತುತ್ತಿದ್ದವರು. ಒಂದೇ ಒಂದು ಫೋಟೋ ಉಳಿಸಿಹೋಗಲಿಲ್ಲ ಎಂದು ನೀವು ಅಕ್ಕತಮ್ಮ ಎಷ್ಟು ಸಲ ಅತ್ತಿದ್ದೀರಿ. ಆ ಮುಖ ನನ್ನ ಕೈಗೆ ನೆನಪಿತ್ತು. ಕೊನೆಯ ಎರಡು ವರ್ಷ ದಿನವೂ ಅದನ್ನು ತೊಳೆದವಳು ನಾನು.

“ಅಮ್ಮಾ!” ಎಂದು ನಿಮ್ಮಕ್ಕ ನೆಲಕ್ಕೆ ಕುಸಿದಳು. ಕಲ್ಲಿನ ಕೆನ್ನೆ ಮುಟ್ಟಿದಳು, ಹುಬ್ಬು ಮುಟ್ಟಿದಳು. ಆಮೇಲೆ ಕಣ್ಣು ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಅಮ್ಮನ ಪಕ್ಕದಲ್ಲೇ ಕೂತಳು. ಅಂಗೈ ಬೊಗಸೆ ಮಾಡಿ ನಮ್ಮ ಹೆಂಗಸರ ರೀತಿಯಲ್ಲಿ ಕೈ ತಟ್ಟಿ, ಅಮ್ಮನ ಪರವಾಗಿ ಉತ್ತರ ಕೊಟ್ಟಳು: “ಚೆನ್ನಾಗಿದ್ದೀನಿ ಮಗನೇ. ನಿಮ್ಮನ್ನೇ ಕಾಯ್ತಿದ್ದೆ. ಏಳು.”

ಗ್ವಾತಿಜೊ ಮೇಷ್ಟ್ರು ಮೊಣಕಾಲು ಹಿಡಿದುಕೊಂಡು ಎದ್ದು, ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. “ಇಷ್ಟು ಗಟ್ಟಿ ಹೆಂಗಸನ್ನ ನಾನು ಎಲ್ಲೂ ನೋಡಿಲ್ಲ. ಈ ಮನೆ ಹುಡುಗೀನೇ ಬೇಕು ನಮಗೆ!” ಅಂಗಳದ ತುಂಬ ನಾಲಿಗೆ ಆಡಿಸಿ ಕೂಗುವ ಹೆಂಗಸರ ಸಂಭ್ರಮದ ಉಲಿ ಎದ್ದಿತು ನೋಡಿ, ಬೆಟ್ಟದಾಚೆಗೂ ಕೇಳಿರಬೇಕು.

ಆಮೇಲಿನದು ಇನ್ನೂ ಚೆನ್ನ. ನಿಮ್ಮಕ್ಕ ಆ ನಾಲ್ವರನ್ನು ಕೂಗಿ, “ಕೊಟ್ಟಿಗೆ ಹಿಂದಿರೋದನ್ನೆಲ್ಲ ತನ್ನಿ! ಅಮ್ಮ ಒಬ್ಬಳೇ ಕೂರ್ಬೇಕಾ?” ಎಂದು ಗದರಿದಳು. ಹದ್ದನ್ನು ಮುನ್ಯಾಯಿಯೇ ಹೊತ್ತರು, ಬಾಡಿಗೆ ಕೋಟಿನಲ್ಲೇ. ಕಪ್ಪೆ ಅಲ್ಲಲ್ಲ, ಇಲ್ಲಿ, ಹದ್ದು ಸ್ವಲ್ಪ ಈ ಕಡೆ ತಿರುಗಲಿ ಎಂದು ನಿಮ್ಮಕ್ಕನದೇ ಯಜಮಾನಿಕೆ. ಮೂರು ಕಲ್ಲು ನಾನಿಟ್ಟಿದ್ದಕ್ಕಿಂತ ಚೆನ್ನಾಗಿ ಕೂತಿವೆ, ಅವಳಿಗೆ ಹೇಳಬೇಡಿ. ಮಾತುಕತೆ, ಸಾಡ್ಜಾ ಮುದ್ದೆ, ಕೋಳಿಸಾರು ಎಲ್ಲ ಅವುಗಳ ನಡುವೆಯೇ ಆಯಿತು. ಲಾರಿಯ ಮಾತನ್ನು ಯಾರೂ ಎತ್ತಲಿಲ್ಲ. ನೀವೂ ಇನ್ನು ಎತ್ತಬೇಡಿ.

ಮದುವೆ ಸೆಪ್ಟೆಂಬರ್ ಕೊನೆಯ ಶನಿವಾರ. ಅಪ್ಪ ಬರುತ್ತಾರಾ ಎಂದು ಚೆನಾಯಿ ಕೇಳುತ್ತಾಳೆ. ಕೇಳುವವಳು ಅವಳು, ನಾನಲ್ಲ.

ಇಂತಿ, ಕಲ್ಲಿನ ಅಡಿಯಲ್ಲಿ ಕೆತ್ತುವ ಹೆಸರಿನಲ್ಲೇ,
ಕೆರೆಸಿಯಾ

ಮರೆತ ಮಾತು: ಅಷ್ಟು ದೊಡ್ಡ ಕಲ್ಲು ಎಲ್ಲಿಂದ ಬಂತು ಎಂದುಕೊಳ್ಳುತ್ತೀರಿ. ಹೋಗುವ ದಿನ ಸಿಟ್ಟಿನಲ್ಲಿ ನೀವು ದಿಬ್ಬದ ಅಂಚಿನಿಂದ ಹಾರೆ ಹಾಕಿ ಹಳ್ಳಕ್ಕೆ ಉರುಳಿಸಿದ್ದಿರಲ್ಲ, ಅದೇ ಬಂಡೆ. ಮೇಲಕ್ಕೆ ತರಲು ಎಂಟು ಎತ್ತು ಬೇಕಾದವು. ನೀವು ಬಂದಾಗ ಎಲ್ಲರ ಹಾಗೇ ಅಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು ಕೈ ತಟ್ಟಬೇಕು. ಬೇರೆಯವರಿಗೆಲ್ಲ ಅಮ್ಮನ ಪರವಾಗಿ ಯೂಫೆಮಿಯಾ ಉತ್ತರ ಕೊಡುತ್ತಾಳೆ. ನಿಮಗೆ ಮಾತ್ರ ಕೊಡಬೇಡ ಎಂದು ಹೇಳಿಟ್ಟಿದ್ದೇನೆ. ನಿಮಗೆ ಏಳು ಎನ್ನಬೇಕಾದವಳು ನಾನು. ಒಂಬತ್ತು ಸಲ ತಟ್ಟಿಸುವುದಿಲ್ಲ, ಬನ್ನಿ.