ನಮಸ್ಕರಿಸಿ ಚೆಲ್ಲಿಸಿದ ಕಾಂಕ್ರೀಟು

ನ್ಜೊಂಬೆ, ಬುಧವಾರ

ಅಮ್ಮಾ,

ನಮ್ಮ ಟಾಂಗಾ ಊರಿನ ಕಡಲತೀರದ ಸೆಕೆಯಲ್ಲಿ ಬೆಳೆದ ಮೈಗೆ ಇಲ್ಲಿನ ಚಳಿ ಇನ್ನೂ ಒಗ್ಗಿಲ್ಲ. ಮಗು ಶಂಸಾಳ ಕೆಮ್ಮು ಇಳಿದಿದೆ. ಹಲ್ಲು ಬರುತ್ತಿರುವುದರಿಂದ ಅವಳಿಗೂ ನಿದ್ದೆಯಿಲ್ಲ, ನನಗೂ ಇಲ್ಲ.

ನೀನು ಕಲಿಸಿದಂತೆ ದಿನಾ ಬೆಳಿಗ್ಗೆ ಮೇಸ್ತ್ರಿ ಸಾಂಗಾ ಅಜ್ಜನಿಗೆ ‘ಶಿಕಮೂ’, ಅಂದರೆ ‘ನಿಮ್ಮ ಕಾಲು ಹಿಡಿದೆ’ ಎಂದು, ವಿನಯದಿಂದ ನಮಸ್ಕರಿಸಿ ಕೆಲಸ ಹೇಳುತ್ತೇನೆ. ನಿನ್ನೆ ನಮಸ್ಕಾರ ಮುಗಿದು ಐದು ನಿಮಿಷವಾಗಿರಲಿಲ್ಲ, ಸೇತುವೆಯ ಕಂಬಕ್ಕೆಂದು ಕಲಸಿದ್ದ ಕಾಂಕ್ರೀಟು ಗಂಜಿಯಂತೆ ಹರಿಯುವುದು ಕಂಡಿತು. ಸುರಿಯಲು ಸಲೀಸಾಗಲೆಂದು ನೀರು ಜಾಸ್ತಿ ಹಾಕಿದ್ದರು; ಹಾಗಾದರೆ ಕಂಬಕ್ಕೆ ಬಲವಿರುವುದಿಲ್ಲ. ಅಷ್ಟನ್ನೂ ಚೆಲ್ಲಿಸಿ ಎಂದೆ.

“ಈಗಷ್ಟೇ ನನ್ ಕಾಲು ಹಿಡಿದೆ, ಈಗ ನನಗೇ ಹುಕುಂ ಮಾಡ್ತೀಯೇನೇ ಮಗಳೇ?” ಎಂದರು ಅಜ್ಜ. ಆಳುಗಳೆಲ್ಲ ಗೊಳ್ಳೆಂದು ನಕ್ಕರು.

“ನಮಸ್ಕಾರ ನಿಮ್ಮ ವಯಸ್ಸಿಗೆ, ಅಜ್ಜ. ಕಂಬಕ್ಕೆ ಸಹಿ ಹಾಕೋಳು ನಾನು. ಚೆಲ್ಲಿಸಿ,” ಎಂದೆ. ಅವರು ಎಲ್ಲವನ್ನೂ ಚೆಲ್ಲಿಸಿ ಮನೆಗೆ ಹೊರಟುಹೋದರು.

ಹಿರಿಯರಿಗೆ ಮುಖಭಂಗ ಮಾಡಿದೆನಲ್ಲ, ಅವರ ಜೊತೆ ಆಳುಗಳೂ ಕೆಲಸ ಬಿಟ್ಟರೆ ಏನು ಗತಿ ಎಂದು ಒದ್ದಾಡಿಬಿಟ್ಟೆ. ಇವತ್ತು ಬೆಳಿಗ್ಗೆ ಹೋದರೆ ದೂರದಿಂದಲೇ ಅಜ್ಜನ ಗದರಿಕೆ ಕೇಳಿಸಿತು: “ಆ ಬಕೆಟ್ ಮುಟ್ಟಿದ್ರೆ ಕೈ ಮುರೀತೀನಿ, ಕತ್ತೆಗಳಾ! ಎಂಜಿನಿಯರಮ್ಮ ಬಂದು ನೋಡೋ ತನಕ ಒಂದು ಹನಿ ನೀರು ಬೀಳಬಾರದು!”

ಶಂಸಾಳಿಗೆ ಉಣ್ಣೆಯ ಟೋಪಿ ಕಳಿಸು, ಎರಡು ಬೆರಳು ದೊಡ್ಡದೇ ಇರಲಿ. ಕಂಬ ಅರ್ಧ ಏರಿದೆ. ಅಜ್ಜ ಕೂಗುತ್ತಿದ್ದಾರೆ, ಹೋಗಿ ನೋಡಬೇಕು.

ನಿನ್ನ ಮಗಳು ಮ್ವನೈದಿ