ಮಿಗ್ಗಿನನ ಪಕ್ಕದ ಜಾಗ

ನುಮಿಡಿಯ, ಕೋಟೆಯ ಕೆಳಗಿನ ಕೇರಿ
ಅಕ್ಟೋಬರ್ ಮೂರು

ಪ್ರೀತಿಯ ಅಕ್ಕ ನಂಪುಲೋಸಾ,

ರೋಮಿನ ದಂಡು ಸಿಪಾಯಿಯಾಗಿ ದುಡಿದ ನಿನ್ನ ತಮ್ಮ ಮಿಗ್ಗಿನನಿಗೆ ಕೊಡುತ್ತೇನೆಂದದ್ದು ಹೊಲ, ಕೊಟ್ಟದ್ದು ಕತ್ತಿಯೇಟು. ಕ್ರೈಸ್ತಸಭೆಯ ಹಿರಿಯರು ನನಗೆ ಕೊಡುತ್ತೇವೆಂದದ್ದು ಅವನ ಸಮಾಧಿಯ ಪಕ್ಕ ಆರಡಿ ನೆಲ, ಈಗ ಅದೂ ಇಲ್ಲ. ಅವನು ಸತ್ತ ದಿನದಂದು ವರ್ಷವೂ ಮಾಡುವ ಹಬ್ಬದಲ್ಲಿ ಸಮಾಧಿಗೆ ಮೊದಲ ದ್ರಾಕ್ಷಾರಸ ಎರೆಯುವುದು ನನ್ನ ಕೈ ಎಂದಿದ್ದರು. ಈ ವರ್ಷ ಆ ಕೈಗೇ ದೊಣ್ಣೆ ಬಿತ್ತು. ಪತ್ರ ತಡವಾದದ್ದು ಅದಕ್ಕೇ. ಎರಡು ಬೆರಳು ಇನ್ನೂ ಮಡಚುವುದಿಲ್ಲ, ಕ್ಷಮಿಸು. ಆಲಿವ್ ಕೊಯ್ಲು ಮುಗಿಯಿತೇ? ಭಾವನ ಕೆಮ್ಮು ಇಳಿಯಿತೇ?

ಪ್ರಾರ್ಥನೆಯಲ್ಲಿ ಓದುವಂತೆ ಮಿಗ್ಗಿನ ನಗುತ್ತಾ ಸತ್ತನೇ ಎಂದು ಕೇಳಿದ್ದೀಯ. ಇಲ್ಲ. ನಾನು ಅಲ್ಲೇ ಇದ್ದೆ. ಚಕ್ರವರ್ತಿಯ ವಿಗ್ರಹಕ್ಕೆ ಧೂಪ ಹಾಕದವರನ್ನು ಬಾರಿಸಿ ಎಂದು ಆಜ್ಞೆಯಾಗಿತ್ತು. ಹೊಡೆಯಲೆಂದು ಮಿಗ್ಗಿನನ ಮುಂದೆ ನೇಕಾರರ ಮುದುಕಿಯೊಬ್ಬಳನ್ನು ತಂದು ನಿಲ್ಲಿಸಿದರು. ಅವನು ಸಿಪಾಯಿಯ ಸೊಂಟಪಟ್ಟಿ ಬಿಚ್ಚಿ ದಳಪತಿಯ ಕಾಲ ಬಳಿ ಎಸೆದ.

"ನಾನೂ ಕ್ರಿಸ್ತನವನೇ. ಈ ಕೈ ಇನ್ನು ನಿಮ್ಮ ಬಾಡಿಗೆಗಿಲ್ಲ."

"ಬಾಡಿಗೆಗಿಲ್ವಾ?" ದಳಪತಿ ನಕ್ಕ. "ಹಾಗಾದ್ರೆ ಮುರಿದು ಹಾಕ್ರೋ, ಯಾರಿಗೂ ಬೇಡ."

ಕಲ್ಲಿನ ಮೇಲಿಟ್ಟು ಒಂದೊಂದೇ ಬೆರಳು ಜಜ್ಜಿದರು. ಕಿರುಚಿದನಕ್ಕಾ, ನಿನ್ನ ಹೆಸರು ಹಿಡಿದು ಕಿರುಚಿದ. ಆದರೂ "ಧೂಪ ಹಾಕ್ತೀಯಾ?" ಎಂದಾಗಲೆಲ್ಲ ತಲೆ ಅಡ್ಡ ಆಡಿಸಿದ. ಕೊನೆಗೆ ಕತ್ತಿ ಎತ್ತಿದರು, ಮೊದಲ ಏಟು ತಪ್ಪಿ ಭುಜಕ್ಕಿಳಿಯಿತು. ಆಮೇಲಿನದು ಕುತ್ತಿಗೆಗೆ. ರಕ್ತ ಆರುವ ಮೊದಲೇ, ದೇವರಿಗಾಗಿ ಸತ್ತವನ ರಕ್ತ ಮನೆಗೆ ರಕ್ಷೆಯೆಂದು ನಮ್ಮ ಹೆಂಗಸರು ಬಟ್ಟೆ ಅದ್ದಿಕೊಳ್ಳಲು ನುಗ್ಗಿದರು. ಒಬ್ಬಳು ನನ್ನನ್ನೇ ತಳ್ಳಿದಳು. "ಸರಿಯೇ ಆಚೆ, ನಮಗೂ ಒಂದಿಷ್ಟು ಸಿಗ್ಲಿ."

"ಅವನು ನನ್ನ ಗಂಡ ಕಣೇ," ಅಂದೆ. ಜಾಗ ಬಿಟ್ಟಳು. ಆ ದಿನ ಬಿಡುತ್ತಿದ್ದರು.

ಈಗ ಹೊಸ ಚಕ್ರವರ್ತಿ ನಮ್ಮ ದೇವರನ್ನು ಒಪ್ಪಿದ್ದಾನಲ್ಲ, ಸಮಾಧಿಯ ಮೇಲೆ ಕಂಬದ ಮಂಟಪ ಎದ್ದಿದೆ. ಸಂತನ ಪಕ್ಕ ಹೂತರೆ ಪುನರುತ್ಥಾನದ ದಿನ ಅವನ ಜೊತೆಗೇ ಏಳಬಹುದೆಂದು ಉಳ್ಳವರಿಗೆಲ್ಲ ಆ ನೆಲವೇ ಬೇಕು. ಕಳೆದ ತಿಂಗಳು ಜಮೀನ್ದಾರ ಕೇಲಿಯಸ್ ಸತ್ತ. ಹಬ್ಬದ ದಿನ ಗಂಜಿ, ದ್ರಾಕ್ಷಾರಸದ ಬುಟ್ಟಿ ಹೊತ್ತು ಹೋದರೆ ಸಭೆಯ ಮೇಲ್ವಿಚಾರಕ ಫಬಿಯಾನಸ್ ಬಾಗಿಲಿಗೆ ಅಡ್ಡ ನಿಂತಿದ್ದ.

"ಏನಮ್ಮ ಸನಾಮೆ, ಬುಟ್ಟಿ ಹೊತ್ಕೊಂಡು ಸಂತೆಗೆ ಬಂದ್ಯಾ?"

"ಗಂಡನಿಗೆ ಊಟ ತಂದೆ ಸ್ವಾಮಿ. ಪಕ್ಕದ ಜಾಗ ಕೇಲಿಯಸ್‌ಗೆ ಕೊಟ್ರಂತೆ? ನನಗೆ ಮಾತು ಕೊಟ್ಟಿದ್ರಿ."

"ಸಂತರಿಗೆ ಹೆಂಡ್ತಿ ಅಂತ ಇರಲ್ಲಮ್ಮ. ಅವರೀಗ ಊರಿಗೆಲ್ಲ ಸೇರಿದವರು."

"ಊರಿಗೆಲ್ಲ ಸೇರಿದ್ರೆ ಜಮೀನ್ದಾರನ ಹೆಣಕ್ಕೆ ಮಾತ್ರ ಯಾಕೆ ಜಾಗ?"

ಹಿಂದಿನಿಂದ ಕುಂಬಾರರ ದೊನಾತಜ್ಜಿ ಕೂಗಿದಳು. "ಅವತ್ತು ಓಡಿಬಂದು ಮೊದಲು ಧೂಪ ಹಾಕ್ದೋನೇ ಆ ಕೇಲಿಯಸ್! ಕೈ ಇನ್ನೂ ಘಮಘಮ ಅಂತಿರ್ಬೇಕು, ಮೂಸಿ ನೋಡಿ ಸ್ವಾಮಿ!"

ಕೇರಿಯವರೆಲ್ಲ ನಕ್ಕರು. ಆ ನಗುವಿಗೇ ದೊಣ್ಣೆ ಬಿದ್ದವು. ಹಿಂದೆ ರೋಮಿನ ಆಳುಗಳು ಹೊಡೆಯುತ್ತಿದ್ದರು, ಈಗ ಕೊರಳಿಗೆ ಶಿಲುಬೆ ಕಟ್ಟಿಕೊಂಡ ಫಬಿಯಾನಸ್‌ನ ಆಳುಗಳು ಹೊಡೆದರು. ಏಟಿನಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ. ಅಜ್ಜಿಯ ದವಡೆ ಮುರಿಯಿತು. ಚೆಲ್ಲಿದ ಗಂಜಿಯಲ್ಲಿ ಅವಳ ಹಲ್ಲು ಹುಡುಕಿ ತಂದೆ.

ನಿನ್ನ ಗಾಣ ನಿಲ್ಲದಿರಲಿ. ನಿನ್ನ ಮಕ್ಕಳನ್ನು ಜ್ವರ ಮುಟ್ಟದಿರಲಿ.

ನಿನ್ನ
ಸನಾಮೆ

ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ: ನಮ್ಮ ಲುಸಿಟ್ಟಾ ಜ್ವರದಲ್ಲಿ ಹೋದಾಗ ಅವಳನ್ನು ಅವಳಪ್ಪನ ಮಗ್ಗುಲಲ್ಲೇ ಮಲಗಿಸಿದ್ದೆವಲ್ಲ ಅಕ್ಕಾ? ಕೇಲಿಯಸ್‌ನ ಅಮೃತಶಿಲೆಯ ಪೆಟ್ಟಿಗೆಗೆ ಅಗಲ ಸಾಲಲಿಲ್ಲವೆಂದು ಮಗುವನ್ನು ಅಗೆದು ತೆಗೆದಿದ್ದಾರೆ. ಸುಣ್ಣದ ರಾಶಿಯ ಹಿಂದೆ ಒಡೆದ ಎಣ್ಣೆಜಾಡಿಯಲ್ಲಿ ಬರೀ ಮೂಳೆಯಾಗಿ ಸಿಕ್ಕಳು. ತಲೆ ಒಂದು ಕಡೆ, ಕಾಲು ಒಂದು ಕಡೆ. ನೀನು ಕಟ್ಟಿದ್ದ ನೀಲಿ ಮಣಿ ಇದ್ದುದರಿಂದ ಅವಳೇ ಎಂದು ಗೊತ್ತಾಯಿತು. ಈಗ ನನ್ನ ಮಂಚದ ಕೆಳಗಿದ್ದಾಳೆ. ಪೆಟ್ಟಿಗೆಯನ್ನು ಭಾನುವಾರ ಇಳಿಸುತ್ತಾರಂತೆ. ಅದಕ್ಕೆ ಮೊದಲು ಅವಳನ್ನು ಹೊತ್ತು ಒಳಗೆ ಹೋಗುತ್ತೇವೆ. ದೊಣ್ಣೆ ಬೀಳುತ್ತದೆ, ಬೀಳಲಿ. ದವಡೆಗೆ ಬಟ್ಟೆ ಬಿಗಿದುಕೊಂಡು ಅಜ್ಜಿಯೂ ಬರುತ್ತಾಳೆ. ಗುದ್ದಲಿ ಇವೆ, ಜನ ಬೇಕು. ನಿನ್ನ ಊರಿನ ಹೆಂಗಸರನ್ನೆಲ್ಲ ಕರೆದುಕೊಂಡು ಬಾ. ನಾವು ಸೇರುವುದು ಕುಂಬಾರರ ಬಾವಿಯ ಹತ್ತಿರ, ಶನಿವಾರ, ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ.