ಸ್ಫೂರ್ತಿ ಇಲ್ಲದ ತಂಡ

ಸಿದ್ದಾಪುರ
೨೪ ನವೆಂಬರ್ ೨೦೨೫, ಸೋಮವಾರ

ಪ್ರೀತಿಯ ಸ್ಫೂರ್ತಿ,

ಕಾಲು ಹೇಗಿದೆ ಮಗಳೇ? ಬಾವು ಪೂರ್ತಿ ಇಳಿಯಿತೇ? ಊರುಗೋಲು ಬಿಟ್ಟು ನಾಲ್ಕು ಹೆಜ್ಜೆ ಹಾಕಿದೆಯೆಂದು ಹುಬ್ಬಳ್ಳಿಯಿಂದ ದೊಡ್ಡಮ್ಮ ಹೇಳುತ್ತಿದ್ದಾಗ ನಿನ್ನ ಅಜ್ಜಿ ಒಲೆಯ ಮುಂದಿನಿಂದ ಎದ್ದು ಬಂದು ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. "ಯಾವ ಕಾಲು ಮೊದ್ಲು ಇಟ್ಲು? ಆಪರೇಷನ್ ಆದದ್ದೋ, ಮತ್ತೊಂದೋ?" ಎಂದು ಎರಡೆರಡು ಸಲ ಕೇಳಿದಳು. ವ್ಯಾಯಾಮ ಮಾಡಿಸುವಾಗ ನೋವಾದರೆ ಅತ್ತುಬಿಡು, ಹಲ್ಲು ಕಚ್ಚಿಕೊಂಡು ಕೂರಬೇಡ. ಆಪರೇಷನ್ ಆದಾಗಿನಿಂದ ನಾನು ಕರೆ ಮಾಡಿದಾಗಲೆಲ್ಲ ನೀನು ಮಲಗಿರುತ್ತೀಯಂತೆ. ಬೆಳಿಗ್ಗೆ ಹನ್ನೊಂದಕ್ಕೂ, ಸಂಜೆ ಐದಕ್ಕೂ. ದೊಡ್ಡಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ, ಪಾಪ, ಅವಳಿಗೆ ಯಾಕೆ ಕಷ್ಟ ಎಂದು ಕರೆ ಮಾಡುವುದನ್ನು ಬಿಟ್ಟು ಕಾಗದ ಬರೆಯುತ್ತಿದ್ದೇನೆ.

ಬಾಸ್ಕೆಟ್‌ಬಾಲ್ ತಂಡದ ಸುದ್ದಿಯನ್ನು ನಿನಗೆ ಯಾರೂ ಹೇಳಿಲ್ಲ. ಹೇಳಬೇಡಿ ಎಂದವಳು ನಾನೇ. ಅಕ್ಟೋಬರಿನಲ್ಲಿ ಯಲ್ಲಾಪುರದಲ್ಲಿ ನೀನು ಬಿದ್ದ ಮೇಲೆ, ನಿನ್ನೆಯದನ್ನು ಬಿಟ್ಟು, ನಾವು ನಾಲ್ಕು ಪಂದ್ಯ ಆಡಿದೆವು, ನಾಲ್ಕನ್ನೂ ಸೋತೆವು. ಒಂದರಲ್ಲಂತೂ ಎದುರಿನವರದು ನಲವತ್ತಾರು ಅಂಕ, ನಮ್ಮದು ಹನ್ನೊಂದು. ಸೋತದ್ದಕ್ಕಿಂತ ಸೋಲುವ ರೀತಿ ನೋಡಿ ನನಗೆ ಸಂಕಟವಾಯಿತು. ಚೆಂಡು ಕೈಗೆ ಬಂದ ಕೂಡಲೇ ಹುಡುಗಿಯರು ಹಿಂದೆಮುಂದೆ ನೋಡದೆ ಅದನ್ನು ರಿಂಗಿನ ಎಡಮೂಲೆಗೆ, ನೀನು ನಿಲ್ಲುತ್ತಿದ್ದ ಜಾಗಕ್ಕೆ ಎಸೆಯುತ್ತಿದ್ದರು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಚೆಂಡು ಗೆರೆ ದಾಟಿ ಹೋಗುತ್ತಿತ್ತು. ನೋಡುವವರು ನಗುತ್ತಿದ್ದರು. ನನಗೆ ನಗಲಾಗಲಿಲ್ಲ, ಏಕೆಂದರೆ ಮೂರು ವರ್ಷ ಅವರ ಅಕ್ಕೋರಾಗಿ ಅದೊಂದನ್ನೇ ಕಲಿಸಿದವಳು ನಾನು.

ಹೋದ ವಾರದ ಭಾನುವಾರ ನಮ್ಮ ಕ್ಲಬ್ಬಿನ ಕಾರ್ಯದರ್ಶಿ ನಾಗಪತಿಯವರು ಎಲ್ಲರನ್ನೂ ಶಾಲೆಯ ಜಗಲಿಯಲ್ಲಿ ಕೂರಿಸಿದರು. ಶಿರಸಿಯ ತಂಡದವರು ನಮ್ಮನ್ನು ತಮ್ಮೊಳಗೆ ಸೇರಿಸಿಕೊಳ್ಳಲು ತಯಾರಿದ್ದಾರಂತೆ. ಅವರದು ಮಾಡಿನ ಕೆಳಗಿನ ಅಂಕಣ, ನಮ್ಮದು ವರ್ಷಕ್ಕೆ ನಾಲ್ಕು ತಿಂಗಳು ಪಾಚಿ ಹಿಡಿಯುವ ಸಿಮೆಂಟು ನೆಲ. ಆದರೆ ಒಂದು ಶರತ್ತು. ಗುಣವಾದ ಮೇಲೆ ಅವರ ಪರವಾಗಿಯೇ ಆಡುತ್ತೇನೆಂದು ನೀನು ಈಗಲೇ ಬರೆದುಕೊಟ್ಟರೆ ಉಳಿದ ಎಂಟೂ ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆ. ಇಲ್ಲವಾದರೆ ಒಬ್ಬರೂ ಬೇಡ. "ಅಕ್ಕೋರೇ, ಸ್ಫೂರ್ತಿ ಯಾವಾಗ ಆಡ್ತಾಳೆ ಹೇಳಿ. ನಿಮ್ಮಿಂದ ಒಂದು ಮಾತು ಬಂದ್ರೆ ನಾನು ಇವತ್ತೇ ಶಿರಸಿಗೆ ಫೋನ್ ಹಚ್ತೆ" ಎಂದರು. ಡಾಕ್ಟರರು ಒಂಬತ್ತು ತಿಂಗಳು ಎಂದಿದ್ದಾರೆ, ಆಮೇಲೂ ಮೊದಲಿನಂತೆ ಜಿಗಿಯುತ್ತಾಳೆಂದು ಖಾತರಿ ಕೊಟ್ಟಿಲ್ಲ ಎಂದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಶ್ರೀಲಕ್ಷ್ಮಿ ಅಳುತ್ತ, ನೀನು ಬರುವವರೆಗೆ ಪಂದ್ಯವನ್ನೇ ಆಡುವುದು ಬೇಡ ಎಂದಳು. ಅವಳನ್ನು ಕರೆದೊಯ್ಯಲು ಬಂದು ಹಿಂದೆ ನಿಂತಿದ್ದ ಅವಳ ಅಮ್ಮ ಪರಿಮಳಾ, "ಎಂಗ್ಳ ಕೂಸು ದಿನಾ ಶಿರಸಿಗೆ ಹೋಗ್ತಿಲ್ಲೆ" ಎಂದು ಮಗಳನ್ನು ಕಳಿಸಲಾಗದೆಂಬುದನ್ನು ಅಲ್ಲಿಂದಲೇ ಹೇಳಿಬಿಟ್ಟರು. ಇಬ್ಬರು ಮೂವರು, ಹೇಗಾದರೂ ನಿನ್ನ ಸಹಿ ತರಿಸಿ, ಮುಂದಿನದು ಮುಂದೆ ನೋಡೋಣ ಎಂದರು. ಆಗ ಹೇರೂರಿನ ಕಾವ್ಯಶ್ರೀ ಎದ್ದು ನಿಂತಳು. ನಿನಗೆ ಗೊತ್ತಲ್ಲ, ಮೂರು ವರ್ಷದಲ್ಲಿ "ಹೌದು ಅಕ್ಕೋರೇ" ಬಿಟ್ಟು ಬೇರೆ ಮಾತು ಆಡದವಳು. "ಸ್ಫೂರ್ತಕ್ಕನ ಒಂದು ಮೊಣಕಾಲಿನ ಮೇಲೆ ನಾವು ಎಂಟು ಜನ ಕೂತ್ರೆ ಅದು ಗುಣ ಆಗೂದು ಹ್ಯಾಂಗೆ?" ಎಂದಳು. ನಾನು ಎಲ್ಲರಿಂದ ಕೈ ಎತ್ತಿಸಿದೆ. ಶಿರಸಿಗೆ ಹೋಗುವುದೂ ಬೇಡ, ಯಾರನ್ನೂ ಕಾಯುತ್ತ ಕೂರುವುದೂ ಬೇಡ, ಇದ್ದವರೇ ಆಡುವುದು ಎಂದಾಯಿತು. ಶ್ರೀಲಕ್ಷ್ಮಿಯ ಕೈ ಕೊನೆಗೆ ಮೇಲೆ ಬಂತು. ನಾಗಪತಿಯವರು ಮುಖ ಗಂಟು ಹಾಕಿಕೊಂಡು ಹೋದರು. ಮರುದಿನ ನಾವು ಬರುವ ಮೊದಲೇ ಸುಣ್ಣದ ಬಕೆಟ್ಟು ಹಿಡಿದು ಅಂಕಣದ ಗೆರೆ ಬಳಿಯುತ್ತ ಕೂತಿದ್ದರು.

ಆ ವಾರವೆಲ್ಲ ಅಭ್ಯಾಸದ ಹೊತ್ತಿಗೆ ನಿನ್ನ ಎಡಮೂಲೆಯಲ್ಲಿ ನಾನೇ ನಿಂತೆ. ಅಲ್ಲಿಗೆ ಬಂದ ಚೆಂಡನ್ನೆಲ್ಲ ಬೇಲಿಯಾಚೆ ಎಸೆದೆ. ಮೊದಲ ದಿನ ಹುಡುಗಿಯರು ಮೂವತ್ತು ಸಲ ಹೆಕ್ಕಿ ತಂದಿರಬೇಕು, ನಾಲ್ಕನೆಯ ದಿನ ಎರಡೇ ಸಲ. ನಿನ್ನೆ ಯಲ್ಲಾಪುರದವರ ಎದುರು ನೀನು ಬಿದ್ದ ಅದೇ ಅಂಕಣದಲ್ಲಿ ಮತ್ತೆ ಆಡಿದೆವು. ಸೋತೆವು, ಮೂವತ್ತನಾಲ್ಕಕ್ಕೆ ಇಪ್ಪತ್ತೊಂಬತ್ತು. ಆದರೆ ಸ್ಫೂರ್ತಿ, ಅಂಕದ ಹಾಳೆಯಲ್ಲಿ ಎಂಟೂ ಹೆಸರುಗಳ ಮುಂದೆ ಏನಾದರೊಂದು ಅಂಕಿ ಇತ್ತು. ಕಾವ್ಯಶ್ರೀಯದು ಏಳು. ಅವಳು ಮೊದಲ ಚೆಂಡು ಹಾಕಿದಾಗ ತಾನೇ ನಂಬದೆ ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿದಳು. ಅಷ್ಟರಲ್ಲಿ ಎದುರಿನವರು ಚೆಂಡು ತೆಗೆದುಕೊಂಡು ಓಡಿದ್ದರು! ನಾನು ಚಪ್ಪಾಳೆ ತಟ್ಟುತ್ತಲೇ ಇದ್ದೆ. ಆದರೂ ನಿನ್ನಲ್ಲಿ ಮುಚ್ಚಿಡುವುದೇನು, ನೀನಿಲ್ಲದೆಯೂ ಇವರು ಆಡಬಲ್ಲರು ಎಂದು ಕಂಡಾಗ ಎದೆಯಲ್ಲಿ ಚಳಕ್ಕೆಂದಿತು. ತಂಡದ ಅಕ್ಕೋರಿಗೆ ಸಂತೋಷ, ನಿನ್ನ ಅಮ್ಮನಿಗೆ ಸಂಕಟ. ಎರಡನ್ನೂ ಹೊತ್ತುಕೊಂಡೇ ಬಸ್ಸು ಹತ್ತಿದೆ.

ಹೊತ್ತುಹೊತ್ತಿಗೆ ಊಟ ಮಾಡು. ದೊಡ್ಡಮ್ಮ ಮಾಡುವ ಖಡಕ್ ರೊಟ್ಟಿ ಗಂಟಲಿಗಿಳಿಯದಿದ್ದರೆ ಹಾಲಿನಲ್ಲಿ ಅದ್ದಿಕೋ, ಅವಳೇನೂ ತಪ್ಪು ತಿಳಿಯುವುದಿಲ್ಲ. ಅಪ್ಪ ಬೆಳಿಗ್ಗೆಯೇ ಗಾಡಿ ತೆಗೆದುಕೊಂಡು ಬಾಡಿಗೆಗೆ ಹೋದರು. ಅಜ್ಜಿ ನಿನ್ನ ತಲೆ ಸವರಿದ್ದೇನೆಂದು ಬರೆ ಎಂದಳು, ಬರೆದಿದ್ದೇನೆ. ನಿನ್ನ ಕಾಲು ನಿನ್ನನ್ನು ನೀನು ಬಯಸಿದ ಕಡೆಗೆಲ್ಲ ಕರೆದೊಯ್ಯಲಿ.

ನಿನ್ನ ಅಮ್ಮ,
ಮಮತಾ

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು, ಮತ್ತೆ ಬಿಚ್ಚಿದೆ. ನೀನು ಬಿದ್ದ ದಿನ ಬೆಳಿಗ್ಗೆ ಬಸ್ಸಿನಿಂದ ಇಳಿಯುವಾಗಲೇ "ಅಮ್ಮಾ, ಮಂಡಿ ನೋಯ್ತದೆ, ಇವತ್ತು ಬೇಡ" ಎಂದಿದ್ದೆ. ನಾನು ಬಿಗಿಯಾಗಿ ಪಟ್ಟಿ ಕಟ್ಟಿ, "ಇದೊಂದು ಪಂದ್ಯ ಆಡು" ಎಂದೆ. ಆಮೇಲೆ ಡಾಕ್ಟರರಿಗೂ ಅಪ್ಪನಿಗೂ ನೀನು ಕಾಲು ಜಾರಿತೆಂದಷ್ಟೇ ಹೇಳಿದೆ, ನಾನು ಪಕ್ಕದಲ್ಲಿ ನಿಂತು ಹೌದೆಂದು ತಲೆಯಾಡಿಸಿದೆ. ನಿನ್ನೆ ಬರುವಾಗ ಬಸ್ಸಿನಲ್ಲಿ ಹುಡುಗಿಯರಿಗೆ ನಿಜ ಹೇಳಿದೆ. ಮನೆಗೆ ಬಂದು ಅಪ್ಪನಿಗೂ ಹೇಳಿದೆ. ಅವರು ಇನ್ನೂ ನನ್ನೊಡನೆ ಮಾತಾಡಿಲ್ಲ. ಇನ್ನು ನೀನು ನನಗೋಸ್ಕರ ಯಾರಿಗೂ ಸುಳ್ಳು ಹೇಳಬೇಕಾಗಿಲ್ಲ, ನನಗೋಸ್ಕರ ಆಡಬೇಕಾಗಿಯೂ ಇಲ್ಲ. ಶನಿವಾರ ಮೊದಲ ಬಸ್ಸಿಗೆ ಬರುತ್ತೇನೆ. ಬೈಯುವುದಿದ್ದರೆ ಬೈ, ಎದುರಿಗೆ ಕೂತು ಕೇಳುತ್ತೇನೆ.